ಹುಲಿಮನಿಯ ಮುಂದೆ ಮೈಸೂರಿನ ಮರ್ಯಾದೆ

ಸಿಂದಗಿಯಲ್ಲಿ ಬಸ್ಸಿಳಿದ ದಿನ, ಇಲ್ಲಿಯವರು ಸಂಜೆಯ ಹೊತ್ತು ಹೇಗೆ ಕಳೆಯುತ್ತಾರೆಂದು ಚಹಾದಂಗಡಿಯ ಶಿವಲಿಂಗಪ್ಪನನ್ನು ಕೇಳಿದೆ.

“ಕುಂದರ್ತೇವ್ರಿ.”

“ಬೇಸರವಾದರೆ?”

“ಎದ್ದು ಇನ್ನೊಂದ್ ಕಡೆ ಕುಂದರ್ತೇವಿ.”

ತಮಾಷೆ ಎಂದುಕೊಂಡೆ. ವಾರದೊಳಗೆ ಅದು ಊರಿನ ಪೂರ್ತಿ ವರದಿಯೆಂದು ತಿಳಿಯಿತು. ರಾಜ್ಯ ಒಂದಾಯಿತೆಂದು ಮೈಸೂರಿನಲ್ಲಿ ನಾನೂ ಚಪ್ಪಾಳೆ ತಟ್ಟಿದವನೇ. ಒಂದಾದದ್ದರ ಈ ತುದಿಗೆ ನನ್ನನ್ನೇ ಗುಮಾಸ್ತನಾಗಿ ಕಳಿಸುತ್ತಾರೆಂದು ಯಾರೂ ಹೇಳಿರಲಿಲ್ಲ. ಮಕ್ಕಳ ಓದಿಗೆಂದು ಹೆಂಡತಿ ಅಲ್ಲೇ ಉಳಿದಳು. ಇಲ್ಲಿ ನನಗೆ ಸಿಕ್ಕಿದ್ದು ಮಾಳಿಗೆಮನೆಯ ಒಂದು ಕೋಣೆ. ಮಾಳಿಗೆಯೆಂದರೆ ನಮ್ಮ ಕಡೆಯ ಮಹಡಿಯಲ್ಲ, ಮಣ್ಣು ಹೊದಿಸಿದ ಚಪ್ಪಟೆ ಸೂರು. ಅದು ಯಾವಾಗ ತಲೆಯ ಮೇಲೆ ಬೀಳುತ್ತದೋ ಎಂದು ಮಲಗಿ ನೋಡುವುದೇ ನನ್ನ ಮೊದಲ ಮನರಂಜನೆ. ಬೀಳಲಿಲ್ಲ. ಅದೂ ಬೇಸರವಾಯಿತು.

ಮಲ್ಲಿಗೆ ಬಳ್ಳಿ ನೆಟ್ಟೆ. ಓಣಿಯ ಆಡು ತಿಂದಿತು. ಹಳೆಯ ಪತ್ರಿಕೆಯನ್ನು ಜಾಹೀರಾತು ಸಮೇತ ಓದಿದೆ. ಸಂಜೆ ಸುಮ್ಮನೆ ನಡೆಯಲು ಹೊರಟರೆ, ಯಾರು ತೀರಿಕೊಂಡರೆಂದು ಜನ ವಿಚಾರಿಸಿದರು. ಕೆರೆಯ ಸುತ್ತ ನಡೆಯುವುದು ಮೈಸೂರಿನಲ್ಲಿ ಆರೋಗ್ಯ, ಇಲ್ಲಿ ಅಪಶಕುನ.

ಕೊನೆಗೆ ಸೋತು, ಚಹಾದಂಗಡಿಯ ಮುಂದಿನ ಕಟ್ಟೆಗೇ ಬಂದೆ. ಅಲ್ಲಿ ಕಲ್ಲಿನ ಮೇಲೆ ಹುಲಿಮನಿ ಆಟದ ಗೆರೆಗಳನ್ನು ಕೊರೆದಿದ್ದರು. ಒಬ್ಬನವು ಹಂಚಿನ ಚೂರಿನ ಹುಲಿಗಳು, ಇನ್ನೊಬ್ಬನವು ಹುಣಸೆಬೀಜದ ಕುರಿಗಳು. ಹುಲಿ ಕದಲದಂತೆ ಕುರಿಗಳು ಕಟ್ಟಬೇಕು. ಮಕ್ಕಳಾಟ. ಬಳೆ ವ್ಯಾಪಾರದ ಮುದುಕರು ಹುಸೇನಸಾಬರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆಟ ಶುರುವಾದದ್ದೇ ತಡ, ಕಟ್ಟೆಯ ತಲೆಗಳೆಲ್ಲ ನನ್ನ ಹೆಗಲ ಮೇಲೆ ಬಗ್ಗಿದವು. ಅಲ್ಲಿ ಬೇಡ, ಇಲ್ಲಿಡಿ ಎಂದರು. ಒಬ್ಬನಂತೂ ನನ್ನ ಕುರಿಯನ್ನು ತಾನೇ ಎತ್ತಿಟ್ಟ. ನಮ್ಮಲ್ಲಿ ಆಡುವವರ ನಡುವೆ ಬಾಯಿ ಹಾಕುವುದು ಅಸಭ್ಯತನ. ಕೆಲವು ಸಂಜೆ ಸಹಿಸಿ, ಆಮೇಲೆ ಕಚೇರಿಯ ದನಿಯಲ್ಲಿ, ಆಡದವರು ಬಾಯಿ ಮುಚ್ಚಿಕೊಂಡಿರಿ ಎಂದೆ.

ಮುಚ್ಚಿದರು. ಮರುದಿನ ನಾನು ಕೂತದ್ದೇ ಕಟ್ಟೆ ಖಾಲಿಯಾಯಿತು. ಹುಸೇನಸಾಬರು ಮಾತ್ರ ಮರ್ಯಾದೆಗೆಂದು ಒಂದಾಟ ಆಡಿ ಎದ್ದರು. ನಾನೇ ಹುಲಿ, ನಾನೇ ಕುರಿ. ಎಂಥ ಒರಟು ಜನ ಎಂದು ಬೈದುಕೊಂಡೆ. ಬೈಯುವುದನ್ನು ಕೇಳಲೂ ಒಬ್ಬರು ಬೇಕೆಂದು ಆಮೇಲೆ ಹೊಳೆಯಿತು. ಮತ್ತೆ ಆ ಮಾಳಿಗೆ ನೋಡುತ್ತ ಬಿದ್ದಿರಲು ಮನಸ್ಸಾಗದೆ ಚಹಾದಂಗಡಿಯೊಳಗೆ ಹೋದೆ. ಎಲ್ಲಿ ಹೋದರು ಎಲ್ಲರೂ ಎಂದು ಶಿವಲಿಂಗಪ್ಪನನ್ನು ಕೇಳಿದೆ.

“ಇಬ್ರ ಆಡೂದಾದ್ರ ಊರೆಲ್ಲಾ ಯಾಕ ಕುಂದರ್ಬೇಕ್ರಿ, ರಾಯರ?”

ಮರುದಿನ ಸಂಜೆ ತಡವಾಗಿ ಹೋದೆ. ಹುಸೇನಸಾಬರೂ ಶಿವಲಿಂಗಪ್ಪನೂ ಆಡುತ್ತಿದ್ದರು, ಸುತ್ತ ಜನ. ಹಿಂದೆ ನಿಂತು, ಮೈಸೂರನ್ನೆಲ್ಲ ನುಂಗಿಕೊಂಡು, ಶಿವಲಿಂಗಪ್ಪನ ಕುರಿಯೊಂದನ್ನು ಎತ್ತಿ ಬೇರೆ ಕಡೆ ಇಟ್ಟೆ. ಹುಸೇನಸಾಬರ ಹುಲಿ ತಕ್ಷಣ ಅದನ್ನು ಹಾರಿ ತಿಂದಿತು.

“ಕಾಕಾ, ಈ ರಾಯರು ನಿಮ್ಮ ಕಡೆ ಅದಾರೋ, ನನ್ನ ಕಡೆಯೋ?” ಎಂದ ಶಿವಲಿಂಗಪ್ಪ.

“ಸರ್ಕಾರಿ ಮಂದಿ ಅದಾರಪಾ,” ಎಂದರು ಹುಸೇನಸಾಬರು, “ಹುಲಿ ಕಡೆನ ಇರ್ತಾರ.”

ಕಟ್ಟೆ ನಕ್ಕಿತು. ಯಾರೋ ಸರಿದು ಜಾಗ ಕೊಟ್ಟರು.

ರಜೆಯಲ್ಲಿ ಮೈಸೂರಿಗೆ ಹೋದಾಗ ಭಾವಮೈದುನ ಗೆಳೆಯನೊಡನೆ ಚದುರಂಗ ಹೂಡಿದ್ದ. ಸದ್ದಿಲ್ಲ, ಉಸಿರಿಲ್ಲ, ಇಬ್ಬರೂ ಸತ್ತವರ ಹಾಗೆ. ನೋಡಲಾಗದೆ ಅವನ ಕುದುರೆಯನ್ನು ಎತ್ತಿಟ್ಟೆ. ಇಬ್ಬರೂ ನನ್ನ ಕೈಯನ್ನು, ಅದಕ್ಕೆ ಹೊಲಸು ಮೆತ್ತಿದೆಯೇನೋ ಎಂಬಂತೆ ನೋಡಿದರು. ಹೆಂಡತಿ ಒಳಗೆ ಕರೆದು, ಆ ಕಡೆಯ ಜನರ ಜೊತೆ ಸೇರಿ ಪೂರಾ ಅವರಂತೆಯೇ ಆಗಿದ್ದೀರಿ ಎಂದಳು. ತಲೆ ತಗ್ಗಿಸಿದೆ, ಒಳಗೊಳಗೇ ಸ್ವಲ್ಪ ಬೀಗಿದೆ ಕೂಡ.

ರಜೆ ಮುಗಿಸಿ ಸಿಂದಗಿಯಲ್ಲಿ ಇಳಿದು, ಚೀಲ ಹಿಡಿದೇ ಕಟ್ಟೆಗೆ ಹೋದೆ. ಶಿವಲಿಂಗಪ್ಪ ದೂರದಿಂದಲೇ ಕಂಡು, ಹುಣಸೆಬೀಜಗಳ ಮೇಲೆ ಅಂಗೈ ಮುಚ್ಚಿದ.

“ಮೈಸೂರವರು ಬಂದ್ರು, ಕಾಕಾ. ಕುರಿ ಕಾಯ್ಕೋಬೇಕು.”