ಜೋಗುಳಕ್ಕೆ ಏಳದ ಭಾರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜಿನ ಹಿಂಬದಿಯ ಮೆಟ್ಟಿಲ ಬುಡದಲ್ಲಿ ಎಂಟು ಜನ ಹೆಗಲ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ನಿಂತಿದ್ದಾರೆ. ಅವರ ನಡುವೆ ದಪ್ಪ ಬೊಂಬುಗಳಿಗೆ ಹಗ್ಗದಿಂದ ಬಿಗಿದ ಕಬ್ಬಿಣದ ಯಂತ್ರವಿದೆ. ಅದು ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಹೋಗಬೇಕು. ಓಣಿ ಕಿರಿದಾದ್ದರಿಂದ ಕ್ರೇನ್ ಬರುವುದಿಲ್ಲ, ಕಟ್ಟಡದ ಲಿಫ್ಟಿನಲ್ಲಿ ಇಷ್ಟು ದೊಡ್ಡದು ಹಿಡಿಸುವುದಿಲ್ಲ.

ನಾಲ್ಕು ಮೆಟ್ಟಿಲು ಮೇಲೆ, ಅವರಿಗೆ ಮುಖ ಮಾಡಿ ಬರಿಗೈಯಲ್ಲಿ ನಿಂತವನೇ ಹಾಡಣ್ಣ. ಕೊರಳಲ್ಲಿ ಟವೆಲು, ಕಣ್ಣು ಎಂಟು ಜನರ ಪಾದಗಳ ಮೇಲೆ. ನೋಡಿದವರು ಇವನನ್ನು ಕೆಲಸಗಳ್ಳ ಅಂದುಕೊಳ್ಳಬೇಕು, ಹಾಗೆ ನಿಂತಿದ್ದಾನೆ. ಅವನು ಬಾಯಿ ತೆರೆಯುವವರೆಗೆ ಮಾತ್ರ.

"ಸಾಹುಕಾರನ ಹೊಟ್ಟೆ ನೋಡ್ರೋ..."

"ಐಸಾ!"

"ಹೆಂಡ್ತಿ ಹುಡುಕ್ತಾಳ್ ಬೆಲ್ಟು ನೋಡ್ರೋ..."

"ಐಸಾ!"

ಯಂತ್ರ ಒಂದು ಮೆಟ್ಟಿಲು ಏರುತ್ತದೆ. ಮೂರನೆಯ ಸಾಲನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ನಾಲ್ಕನೆಯದನ್ನಂತೂ ಕೇಳಲೇಬೇಡಿ.

ಒಂದು ಕಾಲದಲ್ಲಿ ಹಾಡಣ್ಣನೂ ಬೊಂಬಿಗೆ ಹೆಗಲು ಕೊಟ್ಟವನೇ. ಸೊಂಟ ಕೈಕೊಟ್ಟ ಮೇಲೆ ಬಾಯಿ ಕೈಹಿಡಿಯಿತು. ಸಾಲು ಅವನದು, "ಐಸಾ" ಉಳಿದವರದು. ಸಾಲಿನ ತುದಿಯಲ್ಲಿ ಒಂದು ಪೋಲಿ ಮಾತು ಇರುತ್ತದೆ, ಅದಕ್ಕೆ ಎಲ್ಲರಿಗೂ ಒಟ್ಟಿಗೆ ನಗು ಬರುತ್ತದೆ, ಆ ನಗುವಿನ ಜೊತೆಗೇ ಉಸಿರು ಹೊರಬಿದ್ದು ಭಾರ ಮೇಲೇಳುತ್ತದೆ. ಒಳ್ಳೆಯ ಮಾತಿನ ಹಾಡು ಕಟ್ಟಬಾರದೇ ಎಂದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. "ದೇವ್ರ ಹಾಡು ಹೇಳಿ ನೋಡಿದ್ದೀನಿ. ಕೈ ಮುಗಿಯೋಣ ಅನ್ಸುತ್ತೆ ಅಂತಾರೆ. ಎರಡು ಕೈನೂ ಬೊಂಬಿನ ಕೆಳಗಿರುತ್ತಲ್ಲ, ಏನ್ ಮಾಡೋದು?"

ಇಂಥ ಬಾಯಿಯವನಿಗೆ ಮನೆಯಲ್ಲಿ ಬಾಯೇ ಇಲ್ಲ. ಸ್ನಾನ ಮಾಡುವಾಗಲೂ ಗುನುಗುವುದಿಲ್ಲ. ಮಗಳು ಚಿಕ್ಕವಳಿದ್ದಾಗ ನಿನ್ನಪ್ಪನಿಗೇನು ಕೆಲಸ ಎಂದು ಶಾಲೆಯಲ್ಲಿ ಕೇಳಿದರೆ ಮೇಸ್ತ್ರಿ ಅನ್ನು ಎಂದು ಹೇಳಿಕೊಟ್ಟಿದ್ದ. ಅವಳು ಓದಿ ಇದೇ ಕಾಲೇಜಿನ ಪ್ರಯೋಗಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರಿದಾಗಲೂ ಅವನು ಮೇಸ್ತ್ರಿಯಾಗಿಯೇ ಉಳಿದಿದ್ದ.

ಎರಡು ವರ್ಷದ ಹಿಂದೆ ಇದೇ ಮೆಟ್ಟಿಲಲ್ಲಿ ಇಂಥದೇ ಯಂತ್ರ ಏರುತ್ತಿತ್ತು. ರಜೆಯ ದಿನ, ಯಾರೂ ಇರುವುದಿಲ್ಲ ಎಂಬ ಧೈರ್ಯದಿಂದ ಹಾಡಣ್ಣ ಗಂಟಲು ಬಿಚ್ಚಿದ್ದ. ಮಧ್ಯದ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಮೇಲೆ ಪ್ರಾಂಶುಪಾಲರು, ಅವರ ಪಕ್ಕದಲ್ಲಿ ಮಗಳು. ಅರ್ಧ ಸಾಲು ಬಾಯಲ್ಲೇ ಇತ್ತು. ಅದನ್ನು ನುಂಗಿದ. ಭಾರ ಹೆಗಲ ಮೇಲಿರುವಾಗ ಸುಮ್ಮನಿರುವಂತಿಲ್ಲ, ಏನಾದರೂ ಹಾಡಲೇಬೇಕು. ಮಗಳ ಮುಖ ನೋಡುತ್ತ ಆ ಗಾಬರಿಯಲ್ಲಿ ನಾಲಿಗೆಗೆ ಬಂದದ್ದು, ಅವಳನ್ನು ಮಲಗಿಸಲು ಹಾಡುತ್ತಿದ್ದ ಜೋಗುಳ.

ಜೋಗುಳದ ಲಯ ಮೈಯನ್ನು ಸಡಿಲಗೊಳಿಸುತ್ತದೆಯೇ ಹೊರತು ಬಿಗಿಗೊಳಿಸುವುದಿಲ್ಲ. ಮುಂದಿದ್ದ ನಾಲ್ವರು ಹಳೆಯ ಲೆಕ್ಕದಲ್ಲೇ ಎತ್ತಿದರು, ಹಿಂದಿದ್ದ ನಾಲ್ವರು ಇಳಿಸಿದರು. ಯಂತ್ರ ವಾಲಿತು. ಹಿಂದಿದ್ದ ಅವನ ಬಾಮೈದ, ಹೆಂಡತಿಯ ಸ್ವಂತ ತಮ್ಮ, ಬಲಗೈಯ ಎರಡು ಬೆರಳನ್ನು ಆ ಮೆಟ್ಟಿಲಲ್ಲೇ ಕಳೆದುಕೊಂಡ.

"ಸೊಂಟ ಮುರಿದಾಗ ಇಷ್ಟು ನೋವಾಗಿರ್ಲಿಲ್ಲ. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಅವನ ಬೆರಳು ಕೊಟ್ಟೆ," ಎನ್ನುವಾಗ ಹಾಡಣ್ಣ ಎದುರಿನವರ ಮುಖ ನೋಡುವುದಿಲ್ಲ. ಹಾಡಿಗೆ ನಾಚಿದ್ದಕ್ಕೆ ಈಗ ಇನ್ನೊಂದು ನಾಚಿಕೆ. ಊಟಕ್ಕೆ ಕುಳಿತಾಗ ಬಾಮೈದ ಎಡಗೈಯಲ್ಲಿ ಚಮಚ ಹಿಡಿದರೆ ಇವನಿಗೆ ತುತ್ತು ಇಳಿಯುವುದಿಲ್ಲ. ಅವತ್ತಿನಿಂದ ಮಗಳ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಅವಳೂ ಕೆದಕಿಲ್ಲ.

ಕೆಲವು ತಿಂಗಳು ಅವನು ಕೆಲಸದ ಕಡೆ ತಲೆಹಾಕಲಿಲ್ಲ. ತಂಡದವರು ಸ್ಪೀಕರಿಗೆ ಮೊಬೈಲು ಜೋಡಿಸಿ, ಜೋರು ಹಾಡು ಹಾಕಿಕೊಂಡು ಎತ್ತಿ ನೋಡಿದರು. ಉತ್ಸಾಹವೇನೋ ಬಂತು. ಆದರೆ ಒಬ್ಬನ ಕಾಲು ಜಾರಿದರೆ ಮೊಬೈಲು ಕಾಯುತ್ತದೆಯೇ? ಒಂದು ದಿನ ತಿಜೋರಿ ಹೆಗಲ ಮೇಲಿರುವಾಗ ಹಾಡು ನಿಂತು ಬಟ್ಟೆ ಸೋಪಿನ ಜಾಹೀರಾತು ಶುರುವಾಯಿತು. ಮರುದಿನವೇ ಬಾಮೈದ ಮನೆ ಬಾಗಿಲಿಗೆ ಬಂದು ಭಾವನನ್ನು ಎಬ್ಬಿಸಿಕೊಂಡು ಹೋದ. "ನೀವು ನಾಚ್ಕೊಂಡಿದ್ದಕ್ಕೆ ಬೆರಳು ಹೋಯ್ತು ಭಾವ. ಇನ್ನೂ ನಾಚ್ಕೊಂಡು ಕೂತ್ರೆ ಯಾರದಾದ್ರೂ ಕೈ ಹೋಗುತ್ತೆ," ಎಂದನಂತೆ. ಈಗ ಬಾಮೈದ ಭಾರ ಎತ್ತುವುದಿಲ್ಲ. ಏರಿದ ಯಂತ್ರ ಹಿಂದೆ ಜಾರದಂತೆ ಮೆಟ್ಟಿಲಿಗೆ ಮರದ ಬೆಣೆ ಕೊಡುವುದು ಅವನ ಕೆಲಸ.

ಆದರೆ ಈ ಕಾಲೇಜಿನ ಕೆಲಸ ಬಂದಾಗ ಹಾಡಣ್ಣ ಒಂದೇ ಒಂದು ಷರತ್ತು ಹಾಕಿದ್ದ: ಯಾರೂ ಬರುವ ಮೊದಲು, ಬೆಳಗಾಗುವ ಹೊತ್ತಿಗೇ ಮುಗಿಯಬೇಕು. ಪ್ರಯೋಗಾಲಯದ ಬೀಗ ತೆಗೆಯಲು ಯಾರಾದರೂ ಬರಲೇಬೇಕು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಯಂತ್ರ ತಿರುವಿಗೆ ಬಂದಿದೆ. ಇಲ್ಲಿ ಬೆಣೆ ನಿಲ್ಲುವುದಿಲ್ಲ, ಭಾರ ಇಳಿಸಲು ಜಾಗವೂ ಇಲ್ಲ. ಆಗ ಮೇಲೆ ಬಾಗಿಲು ತೆರೆದ ಸದ್ದಾಗುತ್ತದೆ. ಎಂಟು ಜನರ ಕಣ್ಣೂ ಹಾಡಣ್ಣನ ತಲೆಯ ಮೇಲಿಂದ ಹಾದುಹೋಗುತ್ತವೆ. ಅವನು ತಿರುಗಿ ನೋಡುವುದಿಲ್ಲ. ಬಂದವಳು ಯಾರೆಂದು ಹೆಜ್ಜೆಯ ಸದ್ದೇ ಹೇಳಿದೆ. ಅವನ ಕಿವಿಯ ತುದಿಯವರೆಗೂ ಕೆಂಪೇರುತ್ತದೆ, ಹಾಡು ಅರ್ಧ ಸಾಲಿಗೇ ನಿಲ್ಲುತ್ತದೆ. ಬೊಂಬು ಕಿರುಗುಟ್ಟುತ್ತಿದೆ.

ಕೆಳಗಿನಿಂದ ಬಾಮೈದ ಮೆಲ್ಲಗೆ ಅನ್ನುತ್ತಾನೆ: "ಭಾವ, ನಾಚ್ಕೆ ಆಮೇಲೆ."

ಹಾಡಣ್ಣ ಹಾಡುತ್ತಾನೆ. ಬಿಟ್ಟ ಸಾಲಿನಿಂದಲೇ, ಒಂದಕ್ಷರ ತಿದ್ದದೆ, ಪಾದಗಳಿಂದ ಕಣ್ಣು ತೆಗೆಯದೆ. ಅವಳೆದುರು ನಗಬಾರದೆಂದು ತುಟಿ ಕಚ್ಚಿಕೊಂಡ ಎಂಟು ಜನರಿಗೂ ತಡೆಯಲಾಗದೆ ನಗು ನುಗ್ಗುತ್ತದೆ, "ಐಸಾ" ಮೆಟ್ಟಿಲ ಗೋಡೆಗೆ ಬಡಿಯುತ್ತದೆ. ಯಂತ್ರ ತಿರುವು ದಾಟುತ್ತದೆ. ಪತ್ರಿಕೆಗೆ ಒಗ್ಗದ ಇನ್ನೂ ಎಷ್ಟೋ ಸಾಲುಗಳು ಮುಗಿಯುವ ಹೊತ್ತಿಗೆ ಅದು ಪ್ರಯೋಗಾಲಯದ ನೆಲದ ಮೇಲೆ ಕುಳಿತಿದೆ.

ಆಮೇಲೆ ಹಾಡಣ್ಣ ಲಾರಿಯ ಮರೆಗೆ ಹೋಗಿ, ಸುತ್ತಿಟ್ಟ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತತೊಡಗುತ್ತಾನೆ. ಮಗಳು ಇಳಿದು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಯಾರಿಗೂ ಏನೂ ಆಗಲಿಲ್ಲ ತಾನೇ ಅಪ್ಪ, ಎಂದಷ್ಟೇ ಕೇಳುತ್ತಾಳೆ. ಅವನು ತಲೆ ಎತ್ತದೆ ಇಲ್ಲವೆಂದು ತಲೆಯಾಡಿಸುತ್ತಾನೆ. ಅವಳು ಒಳಗೆ ಹೋಗುತ್ತಾಳೆ.

ಅವಳು ಮರೆಯಾದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ಹಾಡಣ್ಣ ಬಾಮೈದನ ಕಡೆ ನೋಡುತ್ತಾನೆ.

"ಮಗಳ ಮುಂದೆ ನನ್ನ ಮಾನ ಹೋಯ್ತು ಕಣೋ. ಹೋಗ್ಲಿ. ಯಾರ ಬೆರಳೂ ಹೋಗ್ಲಿಲ್ಲ."