ಹರಪನಹಳ್ಳಿಯಲ್ಲಿ ಕೇಳಿದ ಪದ

ಸಂಗೀತ ಕೇಳಲು ಹೋದರೆ ಕಿವಿಗಿಂತ ಮೊದಲು ನನ್ನ ಮೂಗು ಎಚ್ಚರವಾಗುತ್ತದೆ. ವೇದಿಕೆ ಎಲ್ಲಿದೆ ಎಂದು ಹುಡುಕುವ ಮುನ್ನ ಮಿರ್ಚಿ ಎಲ್ಲಿ ಕರಿಯುತ್ತಿದ್ದಾರೆಂಬುದು ತಿಳಿದಿರುತ್ತದೆ. ಇದಕ್ಕೆ ಶಾಸ್ತ್ರದ ಆಧಾರವನ್ನೂ ಕೊಡಬಲ್ಲೆ. ನಮ್ಮ ಹಿಂದಿನವರು ಮಾವಿನ ಹಣ್ಣಿನಲ್ಲಿರುವುದಕ್ಕೂ ಕಾವ್ಯದಲ್ಲಿರುವುದಕ್ಕೂ ‘ರಸ’ ಎಂಬ ಒಂದೇ ಹೆಸರಿಟ್ಟರು. ನಾಲಗೆ ಒಣಗಿದವನು ರಸಿಕನಾಗಲಾರ ಎಂಬುದು ನಾನು ಅದಕ್ಕೆ ಮಾಡಿಕೊಂಡ ಭಾಷ್ಯ. ಹೆಂಡತಿ ಸರೋಜ ಇದನ್ನು ಎಂದೂ ಒಪ್ಪಿದವಳಲ್ಲ.

ಹೋದ ಚಳಿಗಾಲ ಹಲವಾಗಲಿನಲ್ಲಿರುವ ಅವಳ ಅಕ್ಕನ ಮನೆಗೆ ಹೋಗಿ ಗದಗಿಗೆ ಮರಳುತ್ತಿದ್ದೆವು. ಬಸ್ಸು ಬದಲಿಸಲು ಹರಪನಹಳ್ಳಿಯಲ್ಲಿ ಇಳಿದರೆ, ಪಕ್ಕದ ಮೈದಾನದಲ್ಲಿ ಸಂಗೀತ ಮತ್ತು ಕಲೆಗಳ ಹಬ್ಬ ನಡೆದಿತ್ತು.

“ಒಂದು ತಾಸು ಕೂತು ಹೋಗೋಣ್ರಿ,” ಎಂದಳು ಸರೋಜ.

ತಾಸು ಹೋಗಿ ದಿನವಾಯಿತು. ಶಹನಾಯಿ ಕೇಳಿದೆವು. ಬಯಲಾಟದವರು ಮುಖಕ್ಕೆ ಬಣ್ಣ ಬಳಿದುಕೊಳ್ಳುವುದನ್ನು ನೋಡಿದೆವು. ಕೌದಿ ಹೊಲಿಯುವ ಹೆಂಗಸರ ನಡುವೆ ಅವಳು ಕೂತೇಬಿಟ್ಟಳು. ನಾನಾದರೋ ಒಬ್ಬೊಬ್ಬ ಗಾಯಕರ ಶ್ರುತಿಯ ಮೇಲೂ ಅವಳ ಕಿವಿಯಲ್ಲಿ ತೀರ್ಪು ಕೊಡುತ್ತಿದ್ದೆ. ರೇಡಿಯೊದಲ್ಲಿ ಆಲಾಪ ಶುರುವಾದ ಕೂಡಲೇ ಹಾಡುವವರ ಹೆಸರು ಹೇಳಬಲ್ಲವನು ನಾನು. ಮನೆಗೆ ಬಂದವರಿಗೆ ಈ ವಿದ್ಯೆಯನ್ನು ತೋರಿಸದೆ ಚಹಾ ಕೊಟ್ಟದ್ದಿಲ್ಲ.

ಇಳಿಹೊತ್ತಿನಲ್ಲಿ, ಪದ ಬಲ್ಲವರು ಯಾರಿದ್ದರೂ ಬಂದು ಹಾಡಬಹುದು ಎಂದು ನಿರೂಪಕರು ಕರೆದರು. ಇನ್ನು ಕೇಳುವಂಥದ್ದೇನೂ ಇರಲಾರದು ಎಂದು ನಾನು ಮಿರ್ಚಿ ಮಂಡಕ್ಕಿಗೆ ಎದ್ದೆ.

“ಈಗ್ಯಾಕ್ರಿ? ಕೂಡ್ರಿ,” ಎಂದಳು ಸರೋಜ. ಆ ದನಿಯಲ್ಲಿ ಏನೋ ಇತ್ತು. ಅದು ಈಗ ಕೇಳಿಸುತ್ತದೆ.

ಅಂಗಡಿಯ ಮುಂದೆ ಜನ. ಅಷ್ಟರಲ್ಲಿ ಮೈಕಿನಿಂದ ಒಂದು ತತ್ವಪದ ತೇಲಿಬಂತು. ಹೆಣ್ಣುದನಿ, ತುಸು ಒರಟು, ತುಂಬಾ ನಿಜವಾದದ್ದು. ಅಂಗಡಿಯಾಕೆ ಮಿರ್ಚಿ ಎತ್ತುವ ಜಾರೆಯನ್ನು ಬಾಣಲೆಯ ಮೇಲೆ ಹಿಡಿದು ನಿಂತುಬಿಟ್ಟಳು.

“ಧ್ವನಿ ಚಲೋ ಐತಿ ನೋಡ್ರಿ. ಯಾರ್ರಿ ಅವ್ರು?”

“ಯಾರೋ ಹೊಸಬ್ರು. ಮ್ಯಾಲಿನ ಸ್ವರಕ್ಕ ಹೋಗುವಾಗ ಸ್ವಲ್ಪ ಅಂಜತಾರ,” ಎಂದೆ, ಎಲ್ಲ ತಿಳಿದವನ ಹಾಗೆ.

ಪೊಟ್ಟಣ ಹಿಡಿದು ಬಂದರೆ ಸರೋಜಳ ಕುರ್ಚಿ ಖಾಲಿ. ಅವಳ ಚೀಲ ಪಕ್ಕದ ಹೆಂಗಸಿನ ತೊಡೆಯ ಮೇಲಿತ್ತು. “ನಿಮ್ಮ ಮನಿಯವ್ರು ಹಾಡಾಕ ಹೋಗ್ಯಾರ್ರಿ. ಈಗ ಮುಗೀತು,” ಎಂದರು ಆಕೆ.

ಸರೋಜ ಸೆರಗು ಸರಿಮಾಡಿಕೊಳ್ಳುತ್ತ ವೇದಿಕೆಯ ಮೆಟ್ಟಿಲಿಳಿಯುತ್ತಿದ್ದಳು. ಮದುವೆಯಾದಾಗಿನಿಂದ ಜೋಗುಳ, ಸೋಬಾನೆ ಬಿಟ್ಟರೆ ಅವಳು ನಾಲ್ಕು ಜನರೆದುರು ಹಾಡಿದವಳಲ್ಲ. ನಮ್ಮ ಮನೆಯಲ್ಲಿ ಹಾಡುವುದು ರೇಡಿಯೊದ ಕೆಲಸ, ತೀರ್ಪು ನನ್ನದು. ಅವಳಿಗೆ ಉಳಿದದ್ದೇನು ಎಂದು ನಾನು ಯೋಚಿಸಿರಲಿಲ್ಲ.

“ಎಲ್ಲಿದ್ರಿ? ಅಲ್ಲಿಂದ ನಿಮ್ಮ ಕುರ್ಚೀನ ನೋಡಕೊಂಡು ಹಾಡಿದೆ,” ಎಂದಳು.

“ಕೇಳಿದೆ. ನೀನು ಅಂತ ಗೊತ್ತಾಗಲಿಲ್ಲ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿ ನಕ್ಕಳು. “ಮೈಕಿನಾಗ ನನಗೂ ಯಾರೋ ಬ್ಯಾರೇರು ಹಾಡಿದಂಗಾತು ಬಿಡ್ರಿ.” ಅದು ನಿಜವೋ, ನನ್ನ ಮುಖ ಉಳಿಸಲು ಹೇಳಿದ್ದೋ, ಇಂದಿಗೂ ತಿಳಿಯದು. ಬಸ್ಸಿನಲ್ಲಿ ಇನ್ನೊಮ್ಮೆ ಹಾಡು ಎಂದು ಮೆಲ್ಲಗೆ ಕೇಳಿದೆ. “ಅಲ್ಲೀದು ಅಲ್ಲಿಗಾತು,” ಎಂದು ಕಿಟಕಿಯತ್ತ ತಿರುಗಿದಳು.

ಈಗ ಮನೆಯಲ್ಲಿ ಅವಳು ಒಮ್ಮೊಮ್ಮೆ ಗುನುಗುತ್ತಾಳೆ. ನಾನು ಬಾಗಿಲಿಗೆ ಬಂದರೆ ನಿಲ್ಲಿಸಿಬಿಡುತ್ತಾಳೆ. ಹಾಗಾಗಿ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುವವನಂತೆ ಕೂತಿರುತ್ತೇನೆ. ಎದುರಿಗೆ ಕೂತು ಕೇಳುವ ಭಾಗ್ಯ ಒಮ್ಮೆ ಬಂದು ಹೋಯಿತು. ಗೋಡೆಯ ಈಚೆಯಿಂದ, ತೀರ್ಪು ಕೊಡದೆ ಕೇಳುವುದನ್ನಾದರೂ ಕಲಿಯುತ್ತಿದ್ದೇನೆ.