ನಮ್ಮವರ ಎರಡು ಟೈರು ಹೊತ್ತು ಮಂಡ್ಯಕ್ಕೆ

ಮಳವಳ್ಳಿ ಬಿಟ್ಟಾಗ ಬೆಳಿಗ್ಗೆ ಎಂಟೂವರೆ. ರಾತ್ರಿ ಮಳೆ ಬಂದು ನಿಂತಿತ್ತು. ಕಾರಿನ ಹಿಂದಿನ ಸೀಟು ಮಡಚಿ, ಹಳೆಯ ಜಮಖಾನ ಹಾಸಿ, ಅದರ ಮೇಲೆ ಎರಡು ಹೊಸ ಟೈರು ಮಲಗಿಸಿದ್ದೆ. ಮುಂದೆ ನನ್ನ ಪಕ್ಕದಲ್ಲಿ ಓರಗಿತ್ತಿ ಜಯಮ್ಮ. ವಾರದಿಂದ ನಮ್ಮ ಮನೆಯಲ್ಲಿದ್ದವಳು ಮಂಡ್ಯದ ಹತ್ತಿರದ ತನ್ನ ಊರು ಹೊಳಲಿಗೆ ಹಿಂತಿರುಗಬೇಕಿತ್ತು. ಹೇಗೂ ಮಂಡ್ಯಕ್ಕೆ ಹೋಗುತ್ತಿದ್ದೇನೆ, ಬಸ್ಸು ಯಾಕೆ, ನನ್ನ ಜೊತೆಗೇ ಬಾ ಎಂದಿದ್ದೆ. ಈ ಕಾರಿನ ಸೀಟು ನೆಲಕ್ಕೆ ತೀರಾ ಹತ್ತಿರ. ಜಯಮ್ಮ ನೆರಿಗೆ ಒಟ್ಟು ಮಾಡಿಕೊಂಡು ಒಳಗೆ ಕುಸಿದು ಕೂತವಳು, "ಏಳಕ್ಕೆ ಕ್ರೇನು ತರುಸ್ಬೇಕು ಕಣಕ್ಕ" ಎಂದಳು.

ಕಾರು ನಮ್ಮವರದು. ಇಡೀ ಸರ್ವಿಸ್ಸನ್ನು ನೀರಾವರಿ ಇಲಾಖೆಯ ಜೀಪಿನಲ್ಲಿ, ನಾಲೆ ಏರಿಗಳ ಮೇಲೆ ಕುಲುಕಿಕೊಂಡೇ ಕಳೆದ ಮನುಷ್ಯ. ರಿಟೈರಾದ ಕೆಲವು ವರ್ಷಕ್ಕೆ ಒಂದು ದಿನ ಬೆಂಗಳೂರಿಗೆ ಹೋಗಿ ಈ ಎರಡೇ ಬಾಗಿಲಿನ ನೀಲಿ ಕಾರನ್ನು ಓಡಿಸಿಕೊಂಡು ಬಂದರು. ನಿಂತಲ್ಲಿಂದ ಆರು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದು ನೆಂಟರ ಮನೆಗಳಿಗೆಲ್ಲ ಹೋಗಿ ಹೇಳಿ ಬಂದರು. ನನಗೆ ಆಗ ಅದು ಸ್ವಲ್ಪ ವಲ್ಗರ್ ಅನ್ನಿಸಿತ್ತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಷೋ ಆಫ್ ಮಾಡುವುದನ್ನು ಸುಳ್ಳು ಹೇಳುವುದಕ್ಕಿಂತ ದೊಡ್ಡ ತಪ್ಪೆಂದು ಕಲಿಸಿದ್ದರು. ಆಮೇಲೆ ನಮ್ಮವರೇ ಪಕ್ಕದಲ್ಲಿ ಕೂತು ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟರು. ಅಲ್ಲಿಂದ ನನ್ನ ಅಭಿಪ್ರಾಯ ಬದಲಾಯಿತು.

ಈ ಕಾರಿನಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಹೋಗುವುದು ಹಿಂದಿನ ಚಕ್ರಗಳಿಗೆ. ಅಲ್ಲಿನ ಟೈರು ಮುಂದಿನದಕ್ಕಿಂತ ಅಗಲ, ಸವೆಯುವುದೂ ಬೇಗ. ಆ ಅಳತೆ ಬೇಕೆಂದಾಗ ಸಿಗುವುದಿಲ್ಲವೆಂದು ನಮ್ಮವರು ಮೊದಲೇ ಒಂದು ಜೊತೆ ತರಿಸಿಟ್ಟರು. ಹಾಕಿಸುವಷ್ಟರಲ್ಲಿ ಕಾಯಿಲೆ ಬಿದ್ದರು. ಅವರು ಹೋಗಿ ಐದು ವರ್ಷ. ಟೈರುಗಳು ಉಗ್ರಾಣದ ಮೂಲೆಯಲ್ಲಿ ಗೋಣಿತಾಟು ಹೊದ್ದು ಉಳಿದವು. ಅವರು ಕೊಂಡ ಕೊನೆಯ ವಸ್ತು ಅದು. ಈಗ ಕಾರಿನಲ್ಲಿದ್ದ ಹಿಂದಿನ ಟೈರು ಬೋಳಾಗಿತ್ತು. ಈ ದಸರೆಗಾದರೂ ಅವರು ತಂದದ್ದರ ಮೇಲೆ ನಾನು ಓಡಾಡಬೇಕು ಎಂಬುದು ನನ್ನ ಆಸೆ. ಸೆಂಟಿಮೆಂಟಲ್ ಎನ್ನಬಹುದು, ಎನ್ನಲಿ. ನಮ್ಮ ಮಾಮೂಲಿ ಪಂಕ್ಚರ್ ಅಂಗಡಿಯವನು, ಪಕ್ಕೆ ಇಷ್ಟು ಗಿಡ್ಡವಾದ ಟೈರು ಕೂರಿಸುವ ಮೆಷೀನ್ ತನ್ನಲ್ಲಿಲ್ಲ ಎಂದಿದ್ದ. ಹೀಗಾಗಿ ಈ ಪ್ರಯಾಣ.

ಮದ್ದೂರಿಗೆ ಇಪ್ಪತ್ತೈದು ಕಿಲೋಮೀಟರ್ ಹತ್ತಿರ. ದೊಡ್ಡಿ ಎಂಬ ಊರಿನ ಆಸುಪಾಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ರಸ್ತೆ ಮೇಲೆ ಬಿದ್ದ ಸೋಗೆ ಮಳೆಗೆ ನೆಂದು, ಚಕ್ರ ಹರಿದಾಗ ಹಿಂಬದಿ ಅರೆಗಳಿಗೆ ಅತ್ತಿತ್ತ ಆಡಿತು. ನಾನು ನಲವತ್ತು ದಾಟಲಿಲ್ಲ. ಸವೆದ ಟೈರಿನ ಗುಂಯ್ ಎಂಬ ಸದ್ದು ಬೇರೆ. ಜಯಮ್ಮ ಏನೋ ಹೇಳುತ್ತಲೇ ಇದ್ದಳು, ನಾನು ಕೇಳಿಸಿದಂತೆ ತಲೆಯಾಡಿಸುತ್ತಿದ್ದೆ. ಈ ಕಾರಿನೊಳಗೆ ಮಾತೆಂದರೆ ಎಷ್ಟೋ ದಿನದಿಂದ ಹೀಗೆಯೇ.

ಮದ್ದೂರಿನಲ್ಲಿ ಕಾಫಿ ಕುಡಿದು, ಜಯಮ್ಮನ ಮನೆಯವರಿಗೆಂದು ವಡೆ ಕಟ್ಟಿಸಿಕೊಂಡು, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದಿದ್ದ ಒಂದು ಟೈರ್ ಅಂಗಡಿ ಹೊಕ್ಕೆವು. ಅಂಗಡಿಯ ಮಹೇಶ ನಲವತ್ತರ ಒಳಗಿನವನು, ಮಾತುಗಾರ. ಟೈರಿನ ಮೈಮೇಲಿನ ರಬ್ಬರಿನ ಎಳೆಗಳನ್ನು ಮುಟ್ಟಿ ನೋಡಿ, ಒಂದು ಕೂದಲೂ ಉದುರಿಲ್ಲ, ಬ್ರ್ಯಾಂಡ್ ನ್ಯೂ ಎಂದು ಸರ್ಟಿಫಿಕೇಟ್ ಕೊಟ್ಟ. ನನಗೆ ಎಷ್ಟು ಸಂತೋಷವಾಯಿತೆಂದರೆ ಮಿಕ್ಕ ಮಾತು ಸರಿಯಾಗಿ ಕೇಳಲೇ ಇಲ್ಲ. ಅವನಲ್ಲೂ ಆ ಮೆಷೀನ್ ಇರಲಿಲ್ಲ. ಕಬ್ಬಿಣದ ಸಲಾಕೆಯಲ್ಲಿ ಮೀಟಿ ಕೂರಿಸುತ್ತೇನೆ, ರಿಮ್ಮು ಗೀಚಿದರೆ ಕೇಳಬಾರದು ಎಂದ. ಅದಕ್ಕಿಂತ ನಾಲ್ಕಕ್ಕೂ ಒಂದೇ ಅಳತೆಯ ಗಿಡ್ಡ ರಿಮ್ಮು, ದಪ್ಪ ಟೈರು ಹಾಕಿಸಿದರೆ ರಸ್ತೆ ಹಂಪಿನಲ್ಲಿ ಕಾರಿನ ತಳ ತಾಗುವುದಿಲ್ಲ ಎಂಬ ಸಲಹೆ ಬೇರೆ.

"ಈ ಕಾರ್‌ಗೆ ಅದ್ನ ಆಕುದ್ರೆ ಎಂಗ್ ಕಾಣ್ತದೆ?" ಎಂದು ಜಯಮ್ಮ ಕೇಳಿದಳು.

"ಗಟ್ಟಿಯಾಗ್ ಕಾಣ್ತದೆ ಕಣಮ್ಮ."

"ರೇಸ್ ಕುದ್ರೆಗೆ ಎಮ್ಮೆ ಕಾಲು ಕಟ್ದಂಗೆ ಅನ್ನು."

ಮಹೇಶ ನಗುತ್ತ, ಮೆಷೀನಿನಲ್ಲೇ ಆಗಬೇಕೆಂದರೆ ಮಂಡ್ಯದಲ್ಲಿ ನಂಜೇಗೌಡರ ಅಂಗಡಿಗೆ ಹೋಗಿ ಎಂದು ದಾರಿ ಹೇಳಿದ.

ಶಿವಪುರ ದಾಟಿ ಹಳೇ ರಸ್ತೆಯಲ್ಲೇ ಹೋದೆ. ವೇಗದವರೆಲ್ಲ ಈಗ ಹೊಸ ಹೈವೇ ಹಿಡಿಯುತ್ತಾರೆ. ಇಲ್ಲಿ ಬತ್ತದ ಗದ್ದೆ, ಎಳನೀರಿನ ರಾಶಿ, ಹಾಲಿನ ಕ್ಯಾನು ಕಟ್ಟಿದ ಬೈಕು, ಯಾವುದೂ ಬದಲಾಗಿರಲಿಲ್ಲ. ಮಂಡ್ಯ ಮುಟ್ಟಿದಾಗ ಹನ್ನೊಂದು.

ನಂಜೇಗೌಡರಿಗೆ ಅರವತ್ತು ದಾಟಿರಬೇಕು. ಬಿಳಿ ಷರಟು, ಕರಿ ಬೆರಳು. ನನ್ನ ಆಸೆಯನ್ನು ಹೇಳಿಕೊಂಡೆ. ಸುಮ್ಮನೆ ಕೇಳಿ, ಕನ್ನಡಕ ಏರಿಸಿ, ಟೈರಿನ ಪಕ್ಕೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಏನನ್ನೋ ಹುಡುಕಿದರು. ಕೊನೆಯ ನಾಲ್ಕು ಅಂಕಿ ತೋರಿಸಿದರು. ಮೊದಲೆರಡು ಹುಟ್ಟಿದ ವಾರ, ಆಮೇಲಿನೆರಡು ಹುಟ್ಟಿದ ವರ್ಷವಂತೆ. ಈ ಜೊತೆಗೆ ಎಂಟನೆಯ ವರ್ಷ ನಡೆಯುತ್ತಿತ್ತು.

ಉಪಯೋಗಿಸಿಯೇ ಇಲ್ಲವಲ್ಲ ಎಂದೆ.

"ಟೈರು ಸೀರೆ ಅಲ್ಲ ಕಣಮ್ಮ, ಮಡಚಿ ಪೆಟ್ಟಿಗೇಲಿಟ್ರೆ ಹೊಸ್ದಾಗೇ ಇರಕ್ಕೆ. ಕೂತಲ್ಲೇ ವಯಸ್ಸಾಯ್ತದೆ." ಹಾಗೆನ್ನುತ್ತ ಹೆಬ್ಬೆರಳ ಉಗುರು ಒತ್ತಿದರು. ಪುಟಿಯಬೇಕಾದ ರಬ್ಬರಿನ ಮೇಲೆ ಉಗುರಿನ ಗುರುತು ಹಾಗೇ ನಿಂತಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು, "ಇದಕ್ಕೇನ್ ಅಚ್ಚಿದ್ರಿ?" ಎಂದರು.

ಹೇಳದೆ ವಿಧಿಯಿರಲಿಲ್ಲ. ಪ್ರತಿ ಆಯುಧಪೂಜೆಗೆ ಕಾರು ತೊಳೆದು ಕುಂಕುಮ ಇಟ್ಟ ಮೇಲೆ, ಒಳಗಿರುವ ಇವೆರಡನ್ನು ಬಿಡಲು ಮನಸ್ಸಾಗುತ್ತಿರಲಿಲ್ಲ. ನೇಗಿಲಿಗೆ, ಮಚ್ಚಿಗೆ ಎಣ್ಣೆ ಸವರಿ ಪೂಜೆಗಿಡುವ ಮನೆ ನಮ್ಮದು. ರಬ್ಬರು ಒಣಗಿ ಬಿರಿಯಬಾರದೆಂದು ಇವಕ್ಕೂ ಅಂಗೈ ತುಂಬ ಹರಳೆಣ್ಣೆ ಹಾಕಿ ತಿಕ್ಕುತ್ತಿದ್ದೆ. ನಾನು ಇಷ್ಟು ಹೇಳುವಾಗ ಜಯಮ್ಮ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ನಂಜೇಗೌಡರು ನಗಲಿಲ್ಲ. ಅಂಗಡಿಯ ಹೊಸ ಟೈರೊಂದನ್ನು ನಮ್ಮದರ ಪಕ್ಕ ಉರುಳಿಸಿಕೊಂಡು ಬಂದು, ಎರಡರ ಮೇಲೂ ಒಂದೊಂದು ಚೊಂಬು ನೀರು ಸುರಿದರು. ಹೊಸದು ಒದ್ದೆಯಾಗಿ ನಿಂತಿತು. ನಮ್ಮದರ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತುಮುತ್ತಾಗಿ ಉರುಳಿ ಹೋಯಿತು.

"ಮಳೇಲಿ ರೋಡೂ ಇಂಗೇ ಜಾರ್ತದೆ" ಎಂದರು.

ಮನೆಯವರೆಗೆ ಒಂದು ಸಲ ಹಾಕಿಕೊಡಿ, ಒಂದೇ ಸಲ ಅದರ ಮೇಲೆ ಹೋಗುತ್ತೇನೆ, ಆಮೇಲೆ ತೆಗೆಸುತ್ತೇನೆ ಎಂದು ಕೇಳಿದೆ. ಈ ವಯಸ್ಸಿನಲ್ಲಿ ಅಷ್ಟು ಸಿಲ್ಲಿಯಾಗಿ ಬೇಡಿಕೊಂಡೆನಲ್ಲ ಎಂದು ಬರೆಯುವಾಗ ನಾಚಿಕೆ.

"ಬೇರೆ ಕಡೆ ಆಕುಸ್ಕೊಳಿ. ನಾನ್ ಆಕಲ್ಲ."

ಮದ್ದೂರಿಗೆ ಹಿಂತಿರುಗಿದರೆ ಮಹೇಶ ಸಲಾಕೆ ಹಿಡಿದು ಕೂರಿಸಿಯೇ ಕೊಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಇಪ್ಪತ್ತೇ ಕಿಲೋಮೀಟರ್. ಕೀ ಕೈಯಲ್ಲೇ ಇತ್ತು. ಜಯಮ್ಮ ಕ್ಯಾಲೆಂಡರಿನಿಂದ ಕಣ್ಣು ಕಿತ್ತು, "ಬಾವ ಇದ್ದಿದ್ರೆ ಈ ಟೈರ್ ಆಕ್ಕಂಡು ನಿನ್ನ ಈಚಿಗೆ ಬುಡ್ತಿದ್ರಾ ಅಕ್ಕ?" ಎಂದಳು.

ಬಿಡುತ್ತಿರಲಿಲ್ಲ. ನಾಲೆಯ ತೂಬಿನಲ್ಲಿ ಕೂದಲಷ್ಟು ಬಿರುಕು ಕಂಡರೂ ಊಟ ಬಿಟ್ಟು ಓಡುತ್ತಿದ್ದ ಮನುಷ್ಯ. ನಾನು ಕೀಯನ್ನು ನಂಜೇಗೌಡರ ಮೇಜಿನ ಮೇಲಿಟ್ಟೆ.

ಆಮೇಲಿನದು ಸೀರೆ ಅಂಗಡಿಯಂತೆಯೇ ನಡೆಯಿತು. ಮೂರು ಟೈರು ಸಾಲಾಗಿ ನಿಲ್ಲಿಸಿದರು. ಮೊದಲನೆಯದು ಬರೀ ಓಟಕ್ಕೆ. ರಬ್ಬರು ಮೆತ್ತಗೆ, ಬಿಸಿಲಿನ ರಸ್ತೆಯಲ್ಲಿ ಅಂಟಿನ ಹಾಗೆ ಹಿಡಿಯುತ್ತದೆ, ಆದರೆ ಎರಡು ವರ್ಷಕ್ಕೆ ಸವೆಯುತ್ತದೆ. ಅದರ ಮೇಲಿನ ಒಂದು ಅಕ್ಷರಕ್ಕೆ ಗಂಟೆಗೆ ಮುನ್ನೂರು ಕಿಲೋಮೀಟರ್ ತಡೆಯುತ್ತದೆ ಎಂದು ಅರ್ಥ. ಅಷ್ಟರಲ್ಲಿ ಹೋದರೆ ಹೊಳಲು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ ಎಂದಳು ಜಯಮ್ಮ. ಎರಡನೆಯದು ಬಹಳ ಬಾಳಿಕೆಯದು, ಆದರೆ ಗಟ್ಟಿ, ಒದ್ದೆ ರಸ್ತೆಯಲ್ಲಿ ನಂಬುವಂತಿಲ್ಲ. ಮೂರನೆಯದರ ಮೇಲೆ ಅಗಲವಾದ ನಾಲ್ಕು ಗೀರು. ನೀರನ್ನು ಆ ಗೀರುಗಳಲ್ಲಿ ಹೊರಗೆ ತಳ್ಳುತ್ತದೆ, ಸದ್ದು ಕಡಿಮೆ, ಪಕ್ಕೆಯೂ ಹಂಪು ತಡೆಯುವಷ್ಟು ಬಿಗಿ. ನಾಲ್ಕು ನಾಲೆ ತೋಡಿದ ಹಾಗಿದೆ ಎಂದುಕೊಂಡೆ, ಅದೇ ಇರಲಿ ಎಂದೆ. ಹಿಂದಿನ ಚಕ್ರದ್ದು ಒಂದಕ್ಕೆ ಹದಿನೆಂಟು ಸಾವಿರ, ಮುಂದಿನದಕ್ಕೆ ಸ್ವಲ್ಪ ಕಡಿಮೆ. ಮುಂದಿನವೂ ಹಳತಾಗಿದ್ದವು. ಈ ಸಲ ನಾನೇ ಅಂಕಿ ಹುಡುಕಿ, ಹೋದ ತಿಂಗಳು ಹುಟ್ಟಿದ್ದು ಎಂದು ಖಾತ್ರಿ ಮಾಡಿಕೊಂಡು, ನಾಲ್ಕನ್ನೂ ಹಾಕಿಸಿದೆ. ಮಧ್ಯೆ ಜಯಮ್ಮನೂ ನಾನೂ ಎದುರಿನ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಬಂದೆವು.

ನಮ್ಮವರ ಜೊತೆಯನ್ನು ಏನು ಮಾಡಲಿ ಎಂದು ನಂಜೇಗೌಡರು ಕೇಳಿದರು. ಎತ್ತಿನ ಗಾಡಿಗಾದರೂ ಆದೀತೇ ಎಂದೆ. ಗಾಡಿಗೂ ಬೇಡ ಎಂದರು. ಇಲ್ಲೇ ಇರಲಿ ಎಂದು ಹೇಳಿ ಅದರ ಮೇಲೆ ಒಮ್ಮೆ ಕೈಯಾಡಿಸಿದೆ. ಕೈ ಜಿಡ್ಡಾಯಿತು. ಹೊಸ ರಬ್ಬರಿನ ಮೈ ನುಣುಪು ಸವೆಯುವವರೆಗೆ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನಕ್ಕೆ ಹೋಗಿ ಎಂದು ಅವರು ಎರಡು ಸಲ ಹೇಳಿ ಕಳಿಸಿದರು.

ಮೂರು ಗಂಟೆಗೆ ಹೊಳಲಿನ ದಾರಿ ಹಿಡಿದೆವು. ಹನಿ ಶುರುವಾಯಿತು. ಕಾರಿನೊಳಗೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ವೈಪರ್ ಅತ್ತಿತ್ತ ಹೋಗುವುದು ಕೇಳುತ್ತಿತ್ತು, ಜಯಮ್ಮನ ಬಳೆಯ ಸದ್ದು ಕೇಳುತ್ತಿತ್ತು. ಊರು ಇನ್ನೇನು ಕಾಣುತ್ತದೆ ಎನ್ನುವಾಗ ಅವಳು ಮೆಲ್ಲಗೆ, "ನಾನೂವೆ ಅಚ್ಚಿದ್ದೆ ಕಣಕ್ಕ" ಎಂದಳು.

"ಏನು?"

"ಎಣ್ಣೆ. ನೀನು ವರ್ಸಕ್ಕೊಂದ್ಸಲ ಅಚ್ಚುದ್ರೆ ಏನ್ ಸಾಕಾಯ್ತದೆ ಅಂತ. ಬಾವ ತಂದಿದ್ದು, ಒಣಗೋಯ್ತದೆ ಅಂತ."

"ಎಷ್ಟು ಸಲ ಹಚ್ಚಿದೆ?"

"ಬಂದಾಗೆಲ್ಲ."

ಐದು ವರ್ಷದಲ್ಲಿ ಅವಳು ತಿಂಗಳಿಗೊಮ್ಮೆಯಾದರೂ ಬಂದಿದ್ದಾಳೆ. ನಾನು ಕಾರನ್ನು ರಸ್ತೆ ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಯಾರು ಮೊದಲು ನಕ್ಕೆವೋ ಗೊತ್ತಿಲ್ಲ. ನಗುತ್ತ ನಗುತ್ತ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಟಿಶ್ಯೂ ಹುಡುಕಿದೆ, ಸಿಗಲಿಲ್ಲ, ಅವಳ ಸೆರಗಿನ ಇನ್ನೊಂದು ತುದಿಯೇ ಆಯಿತು.

ಅವಳ ಮನೆಯ ಮುಂದೆ ಕೈ ಹಿಡಿದು ಎಳೆದು ಎಬ್ಬಿಸಿದೆ. ಕತ್ತಲಾಗುವ ಮೊದಲು ಊರು ಸೇರಬೇಕೆಂದು ಒಳಗೆ ಹೋಗಲಿಲ್ಲ. ತಿರುವಿನಲ್ಲಿ ಕನ್ನಡಿ ನೋಡಿದಾಗ ಜಯಮ್ಮ ಮಳೆಯಲ್ಲೇ ನಿಂತು, ನಿಧಾನಕ್ಕೆ ಹೋಗು ಎಂದು ಕೈಯನ್ನು ಕೆಳಗೆ ಕೆಳಗೆ ಮಾಡುತ್ತಿದ್ದಳು. ನಾನು ಆಗಲೇ ನಿಧಾನವಾಗಿದ್ದೆ.